ದೀಪ ತರಬಾರದ ಮನೆ

ಪುಣೆಯ ಆ ದಫ್ತರಖಾನೆಯ ಬಾಗಿಲಲ್ಲಿ
ತಾಕವಲೆ ಮೊದಲು ನನ್ನ ಜೇಬು ತಟ್ಟಿ ನೋಡಿದ.
ಕಡ್ಡಿಪೆಟ್ಟಿಗೆ? ಬೀಡಿ? ಲೈಟರು?
ಇಲ್ಲ ಅಂದೆ.
ಹಾಗಾದರೆ ಹೆಸರು ಬರೆಯಿರಿ. ಬರೆದೆ:
ಗುರುಸಿದ್ಧ ದಿವಟಗಿ, ಮುಕ್ಕಾಂ ತೇರದಾಳ.
ಅಡ್ಡಹೆಸರು ಓದಿ ನಕ್ಕ.
ಯಾಕೆಂದು ಒಳಗೆ ಹೋದಮೇಲೆ ತಿಳಿಯಿತು.

ಕರಿಕಲ್ಲಿನ ಕಟ್ಟಡ. ಕಟ್ಟುವಾಗಲೇ ಬೆಂಕಿಗೆ ಹೆದರಿ ಕಟ್ಟಿದ್ದು.
ಮರವೆಂಬುದಿಲ್ಲ ಎಲ್ಲೂ.
ತೊಲೆ ಕಬ್ಬಿಣ, ಏಣಿ ಕಬ್ಬಿಣ, ಅಟ್ಟಣಿಗೆ ಕಬ್ಬಿಣ,
ಮೇಲಂತಸ್ತಿನ ನೆಲವೂ ಜಾಲರಿ.
ಮಾಡಿನ ಗಾಜಿನಿಂದ ಬಿದ್ದ ಬಿಸಿಲು
ಸೋಸಿ ಸೋಸಿ ಇಳಿದು
ಕೆಳಗಿನ ಕೊನೆಯ ಸಾಲಿಗೆ ಬರುವಷ್ಟರಲ್ಲಿ
ಮೂರನೆಯ ಸಲ ನೀರು ಬೆರೆಸಿದ ಮಜ್ಜಿಗೆ.
ಇಂದಿಗೂ ಒಂದು ಬಲ್ಬು ಹಾಕಿಲ್ಲ.
ಸೂರ್ಯನೇ ಇಲ್ಲಿಯ ಹಿರಿಯ ಗುಮಾಸ್ತ,
ಅವನು ಎದ್ದರೆ ಎಲ್ಲರೂ ಏಳಬೇಕು.

ನಮ್ಮಲ್ಲಿ ರುಮಾಲು ತಲೆಗೆ. ಇಲ್ಲಿ ಕಾಗದಕ್ಕೆ.
ಸಾವಿರ ಸಾವಿರ ಗಂಟು, ಮಾಸಿದ ಕೆಂಪು,
ಪಂಕ್ತಿಗೆ ಕೂತಿವೆ,
ಎಲೆ ಇನ್ನೂ ಬಂದಿಲ್ಲ.

ನಮ್ಮಲ್ಲಿ ಮೋಡಿ ಅಂದರೆ ಮಾಟ. ಇಲ್ಲಿ ಲಿಪಿ.
ಈ ಅಂಚಿನಿಂದ ಆ ಅಂಚಿಗೆ ಮೊದಲೊಂದು ಗೆರೆ,
ಆಮೇಲೆ ಲೆಕ್ಕಣಿಕೆ ಎತ್ತದೆ
ಒಂದೇ ಉಸಿರಿಗೆ ನೇತುಹಾಕಿದ ಅಕ್ಷರ.
ಖಾಸನೀಸ ಬಾಯಿ ಓದುತ್ತಾರೆ.
ಬೆರಳು ಕಾಗದಕ್ಕೆ ತಾಗುವುದಿಲ್ಲ,
ಕೂಸಿನ ನೆತ್ತಿಯ ಮೇಲೆ ಆಡಿದ ಹಾಗೆ ಆಡುತ್ತದೆ.
ಮೂರು ದಿನ ನಮ್ಮದಲ್ಲದ್ದೇ ಬಂತು:
ಸತ್ತ ಒಂಟೆಯ ಖರ್ಚು,
ಯಾರದೋ ಕುಬಸದ ಬಳೆ,
ಕೃಷ್ಣೆ ದಾಟಿಸಿದ ಹರಿಗೋಲಿನವನಿಗೆ ಒಂದು ಧೋತರ.

'ಪುಣೇದಾಗ ನಮ್ಮ ಕಾಗದ ಅದ' ಅಂತಿದ್ದಳು ಆಯಿ.
'ಸರದಾರನ ಮೇಣೇದ ಮುಂದ ದೀವಟಿಗಿ ಹಿಡದ ನಡದವರು ನಾವು,
ಹೊಲಾ ಕೊಟ್ಟಿದ್ದರು, ಬಾವಿ ಸುದ್ದಾ ಕೊಟ್ಟಿದ್ದರು.'
ಆ ಹಿರಿಯನ ತೋಳಿನ ತುಂಬ
ಕುದಿಯುವ ಎಣ್ಣೆ ಸಿಡಿದ ಚುಕ್ಕಿಗಳಂತೆ.
ಆಯಿ ನೋಡಿದವಳಲ್ಲ.
ಹೇಳುವಾಗ ತನ್ನ ತೋಳು ತೋರಿಸುತ್ತಿದ್ದಳು.

ನಾಲ್ಕನೆಯ ದಿನ, ಸಂಜೆ ನಾಲ್ಕೂವರೆಗೆ, ಸಿಕ್ಕಿತು.
ಹೊಲವಲ್ಲ, ಬಾವಿಯಲ್ಲ. ಖರ್ಚಿನ ಪಟ್ಟಿ.
'ಮಲ್ಲ್ಯಾ, ದೀವಟಿಗೆಯವ, ತೇರದಾಳ.
ರಾತ್ರಿಗೆ ಎಣ್ಣೆ ಅರ್ಧ ಸೇರು, ಹಳೆಯ ಅರಿವೆ ಎರಡು ಗೇಣು.
ಹುಣ್ಣಿಮೆಯ ಹಿಂದೆ ಮೂರು, ಮುಂದೆ ಮೂರು ರಾತ್ರಿ
ಎಣ್ಣೆ ವಜಾ. ಬೆಳದಿಂಗಳಿದೆ.'
ವಜಾ ಅಂದರೆ ನಿಮ್ಮಲ್ಲೂ ಅದೇ ಅಲ್ಲವೆ, ಬಾಯಿ ಕೇಳಿದರು.
ಅದೇ, ಅಂದೆ.

ಆ ಏಳು ರಾತ್ರಿ ಏನು ಮಾಡಿದ ಮಲ್ಲ್ಯಾ?
ಆರಿದ ಕೋಲು ಹಿಡಿದು ಮೇಣೆಯ ಮುಂದೆಯೇ ನಡೆದನೋ,
ಮನೆಗೆ ಹೋಗಿ
ಕಣ್ಣಿಗೆ ಹೊಗೆ ಇಲ್ಲದೆ ಒಮ್ಮೆ
ತನ್ನ ಮಕ್ಕಳ ಮುಖ ನೋಡಿದನೋ.
ಅದಕ್ಕೆ ರುಮಾಲಿಲ್ಲ.

ಹಾಳೆಯ ಅಂಚಿಗೆ ಒಂದು ಕಲೆ.
ಕಿಟಕಿಗೆ ಹಿಡಿದರು ಬಾಯಿ. ಎಣ್ಣೆ.
ಉಳಿದ ಕಾಗದವೆಲ್ಲ ಕತ್ತಲಾಗುತ್ತಿರುವಾಗ
ಅಷ್ಟೇ ಅಷ್ಟು ಜಾಗ, ಹೆಬ್ಬೆರಳಿನಗಲ,
ಬೆಳಕು ಬಿಟ್ಟುಕೊಟ್ಟಿತು.
ನಾನು ಉಸಿರು ಹಿಡಿದೆ.
'ಬರೆದವನ ಚಕಲಿಯದೂ ಇದ್ದೀತು' ಅಂದು
ಅವರು ಗಂಟು ಕಟ್ಟತೊಡಗಿದರು.

ಹೊರಗೆ, ಗೇಟಿನಾಚೆ, ರಿಕ್ಷಾಗಳ ಗದ್ದಲದಲ್ಲಿ
ಪಾಳಿ ಮುಗಿದ ತಾಕವಲೆ ಬೀಡಿ ಕಚ್ಚಿ ನಿಂತಿದ್ದ.
ಸಿಕ್ಕಿತೆ? ಕೇಳಿದ.
ಗಾಳಿಗೆ ಅವನ ಕಡ್ಡಿ ಎರಡು ಸಲ ಆರಿತು.
ಮೂರನೆಯದಕ್ಕೆ ನಾನು
ಎರಡೂ ಕೈ ಒಡ್ಡಿದೆ.